ಸಂಪಿಗೆಯೂ ಶಾವಂತಿಗಿಯೂ: ಇಂಡಿಯಲ್ಲಿ ನನ್ನ ಮಗಳಿಗೆ ಹೆಸರಿಟ್ಟದ್ದು

ತೊಟ್ಟಿಲ ಮೇಲೆ ಬಗ್ಗಿದ್ದ ಹೆಂಗಸಿನ ಬೆನ್ನಿಗೆ ಸುತ್ತಲಿದ್ದವರೆಲ್ಲ ಧಬಧಬ ಗುದ್ದತೊಡಗಿದಾಗ ನಾನು ಎದ್ದು ಬಾಗಿಲಿಗೆ ಓಡಿದ್ದೆ. ಬಿಜಾಪುರ ಜಿಲ್ಲೆಯ ಇಂಡಿಗೆ ಬಂದ ಹೊಸತು. ಪಕ್ಕದ ಮನೆಯ ಕಾಶೀಬಾಯಿ ತಮ್ಮ ಮೊಮ್ಮಗನ ತೊಟ್ಟಿಲ ಕಾರ್ಯಕ್ಕೆ ಕರೆದಿದ್ದರು. ಹಾಡು ಚೆನ್ನಾಗಿತ್ತು, ಗುಗ್ಗರಿ ಬೇಯುತ್ತಿದ್ದ ವಾಸನೆ ಚೆನ್ನಾಗಿತ್ತು. ಅಷ್ಟರಲ್ಲಿ ಒಬ್ಬಾಕೆ ಮಗುವಿನ ಕಿವಿಗೆ ಬಾಯಿಟ್ಟು "ಕುರ್ರ್‌ರ್" ಎಂದಳು, ಉಳಿದವರು ಆಕೆಯ ಮೇಲೆ ಬಿದ್ದರು. ಹೆಂಗಸರ ಜಗಳ ಎಂದೇ ತಿಳಿದೆ. ಕಾಶೀಬಾಯಿ ನನ್ನ ಸೆರಗು ಹಿಡಿದು ಎಳೆದು ಕೂರಿಸಿದರು.

"ಎಲ್ಲಿಗಿ ಹೊಂಟ್ರಿ ಅಕ್ಕಾರ? ಗುದ್ದು ನಿಮಗಲ್ರಿ, ಸ್ವಾದರತ್ತಿಗಿ. ಹೆಸರ ಇಟ್ಟಾಳಲ್ಲ, ಬೆನ್ನ ಕೊಡಬೇಕು!"

ಗುದ್ದು ತಿಂದಾಕೆ ಬೆನ್ನು ಸವರಿಕೊಳ್ಳುತ್ತ ರಾಣಿಯ ಹಾಗೆ ನಗುತ್ತಿದ್ದಳು. ಮಗುವಿಗೆ ಹೆಸರಿಡುವ ಹಕ್ಕು ಇಲ್ಲಿ ತಂದೆಯ ಅಕ್ಕ-ತಂಗಿಯರದ್ದು. ಹೆತ್ತವಳು ಗೋಡೆಗೆ ಒರಗಿ ಕೂತಿರುತ್ತಾಳೆ, ಕಿವಿಗೆ ಹತ್ತಿ ಇಟ್ಟುಕೊಂಡು. ಇದು ಫೇರ್ ಅಲ್ಲ ಎಂದು ಆ ದಿನವೇ ನನಗೆ ಅನ್ನಿಸಿತು.

ಈಗ ಇದನ್ನೆಲ್ಲ ನೆನೆಯಲು ಕಾರಣವಿದೆ. ಮೈಸೂರಿನಿಂದ ನನ್ನ ತಮ್ಮನ ಮೊಮ್ಮಗಳು ಫೋನ್ ಮಾಡಿದ್ದಳು. "ಅಜ್ಜಿ, ಹೆಣ್ಣುಮಗುವಿಗೆ ಹೂವಿನ ಅರ್ಥ ಬರುವ ಒಂದು ಹೆಸರು ಹೇಳಿ. ಯೂನೀಕ್ ಆಗಿರಬೇಕು, ಮೀನಿಂಗೂ ಇರಬೇಕು." ಇಂಟರ್‌ನೆಟ್ಟಿನಲ್ಲಿ ನೂರಾರು ಇವೆಯಂತೆ, ಯಾವುದೂ ಮನಸ್ಸಿಗೆ ಹತ್ತುತ್ತಿಲ್ಲವಂತೆ. ನನಗೆ ಹೂವಿನ ಹೆಸರು ಗೊತ್ತಿರುವುದು ಎರಡೇ. ಆ ಎರಡರ ಮೀನಿಂಗ್ ಫೋನಿನಲ್ಲಿ ಹೇಳಿ ಮುಗಿಯುವಂಥದಲ್ಲ. ಅದಕ್ಕೇ ಮೈಸೂರಿನ ನಿಮಗೆಲ್ಲ ಬರೆಯುತ್ತಿದ್ದೇನೆ.

ನಮ್ಮವರು ಮೈಸೂರಿಗೆ ಲಾ ಓದಲು ಬಂದು ನಮ್ಮ ಮನೆಯ ಹಿಂದಿನ ಔಟ್‌ಹೌಸಿನಲ್ಲಿದ್ದವರು. ಇಂಡಿ ಹತ್ತಿರದ ಲಚ್ಯಾಣದ ಕಡೆ ಹೊಲವಿದ್ದ ಮನೆತನ. ಮದುವೆಯಾಗಿ ಅವರು ಇಂಡಿಯ ಕೋರ್ಟಿನಲ್ಲಿ ವಕೀಲಿ ಹಿಡಿದಾಗ ನಾನೂ ಬಂದೆ. ಅರಸೀಕೆರೆ, ಹುಬ್ಬಳ್ಳಿ, ಗದಗ ಎಂದು ಗಾಡಿ ಬದಲಿಸುತ್ತ ಬರುವಾಗ ಮರಗಳು ಒಂದೊಂದಾಗಿ ಕಡಿಮೆಯಾಗುತ್ತ ಹೋದವು. ಬಿಜಾಪುರ ದಾಟಿದ ಮೇಲೆ ಕಿಟಕಿಯ ಹೊರಗೆ ಇದ್ದದ್ದು ಕಪ್ಪು ಮಣ್ಣು ಮತ್ತು ಆಕಾಶ, ನಡುವೆ ಏನೂ ಇಲ್ಲ. ಒಂದು ಕಡೆ ಮಾತ್ರ ಹೊಲದ ತುಂಬ ಕಿತ್ತಳೆ ಬಣ್ಣದ ಹೂ. "ಅಯ್ಯೋ, ಎಷ್ಟು ದೊಡ್ಡ ಹೂದೋಟ!" ಎಂದೆ. ನಮ್ಮವರು ಜೋರಾಗಿ ನಕ್ಕರು. "ಅದು ಕುಸುಬಿ. ಎಣ್ಣಿ ತಗೀತಾರ. ಮುಡ್ಯಾಕ ಹೋಗಬ್ಯಾಡ ಮತ್ತ, ಮುಳ್ಳ ಐತಿ."

ನಮ್ಮಲ್ಲಿ ಹೂವೆಂದರೆ ಮಾರುಕಟ್ಟೆಯಲ್ಲಿ ಮೊಳ ಹಾಕಿ ಕೊಳ್ಳುವುದು. ಇಲ್ಲಿ ಅದು ಒಗ್ಗರಣೆಯ ಎಣ್ಣೆ. ಹೀಗೆ ಒಂದೊಂದನ್ನೂ ಹೊಸದಾಗಿ ಕಲಿಯಬೇಕಾಯಿತು. ಹೆಂಚಿನ ಸೂರಿನ ಬದಲು ಮಣ್ಣಿನ ಮಾಳಿಗೆ, ಕಿಟಕಿಯ ಬದಲು ನೆತ್ತಿಯ ಮೇಲೊಂದು ಬೆಳಕಿಂಡಿ. ಕಾವೇರಿ ನೀರು ಕುಡಿದ ನಾಲಿಗೆಗೆ ಸವಳು ನೀರು. ಆ ನೀರಿನಲ್ಲಿ ನಾನು ತಂದಿದ್ದ ಕಾಫಿಪುಡಿ ಔಷಧಿಯಂತಾಯಿತು, ಚಹಾಕ್ಕೆ ಶರಣಾದೆ. ಅನ್ನವಿಲ್ಲದ ಊಟ ಊಟವೇ ಎಂದುಕೊಂಡಿದ್ದವಳು ರೊಟ್ಟಿ ಬಡಿಯಲು ಕೂತರೆ ಅಂಚುಗಳೆಲ್ಲ ಸೀಳಿ ನಕ್ಷತ್ರಮೀನಾಗುತ್ತಿತ್ತು. ಕಾಶೀಬಾಯಿ ಗೋಡೆಯ ಆಚೆಯಿಂದಲೇ ಸದ್ದು ಕೇಳಿ ಹೇಳುತ್ತಿದ್ದರು: "ಅಕ್ಕಾರ, ಸೀಳ್ತು!" ಮೊದಲ ಸಲ ಇಡೀ ರೊಟ್ಟಿ ದುಂಡಗೆ ಉಬ್ಬಿದ ದಿನ ನಾನು ಅದನ್ನು ನಮ್ಮವರು ಕೋರ್ಟಿನಿಂದ ಬರುವವರೆಗೂ ಯಾರಿಗೂ ತಿನ್ನಲು ಕೊಡಲಿಲ್ಲ.

ಮಾತು ಇನ್ನೂ ಕಷ್ಟ. ಕಾನ್ವೆಂಟಿನ ಸಿಸ್ಟರುಗಳು ನಮಗೆ ಕಲಿಸಿದ್ದು ಪ್ಲೀಸ್, ಥ್ಯಾಂಕ್ಯೂ, ತಗ್ಗಿದ ದನಿ. ಇಲ್ಲಿ ಪ್ರೀತಿಯನ್ನೂ ಕೂಗಿಯೇ ಹೇಳುತ್ತಾರೆ. ಅಂಗಡಿಯಲ್ಲಿ "ದಯವಿಟ್ಟು ಅರ್ಧ ಸೇರು ಬೆಲ್ಲ ಕೊಡ್ತೀರಾ?" ಎಂದರೆ ಅಂಗಡಿಯವರು ಕೈಯ ಕೆಲಸ ಬಿಟ್ಟು ನೋಡುತ್ತಿದ್ದರು. "ಕೊಡದ ಏನ್ರಿ, ಬೈರಿ ಬೇಕಾದ್ರ, ಆದ್ರ ಹಿಂಗ ಅಳಬ್ಯಾಡ್ರಿ!" ನಾನು ಬಂದಾಗ ರಾಜ್ಯಕ್ಕೆ ಮೈಸೂರು ಎಂದೇ ಹೆಸರಿತ್ತು. ಬಸುರಾದ ವರ್ಷ ಕರ್ನಾಟಕ ಎಂದಾಯಿತು. ಎಲ್ಲರೂ ಪಟಾಕಿ ಹೊಡೆದರು, ನಾನೂ ಸಿಹಿ ಹಂಚಿದೆ. ಆದರೂ ಒಳಗೆ ಸಣ್ಣದಾಗಿ ಚುಚ್ಚಿತು. ಅಷ್ಟು ದಿನ ಇಷ್ಟು ದೂರದ ಊರೂ ಹೆಸರಿಗಾದರೂ ಮೈಸೂರಾಗಿತ್ತಲ್ಲ!

ಮಗುವಿಗೆ ಹೆಸರನ್ನು ನಾನು ಬಹಳ ಮುಂಚೆಯೇ ಆರಿಸಿಟ್ಟಿದ್ದೆ. ನಮ್ಮ ಮನೆಯ ಹಿತ್ತಲಲ್ಲಿ ಕೆಂಡಸಂಪಿಗೆಯ ಮರವಿತ್ತು. ಅಮ್ಮ ಸ್ನಾನ ಮಾಡಿ ಒಂದೇ ಒಂದು ಹೂವನ್ನು ತುರುಬಿಗೆ ಸಿಕ್ಕಿಸಿಕೊಳ್ಳುತ್ತಿದ್ದರು. ಸಂಜೆಯ ಹೊತ್ತಿಗೆ ಅದು ಕಂದಿ ಕಾಫಿ ಬಣ್ಣಕ್ಕೆ ತಿರುಗಿರುತ್ತಿತ್ತು, ಘಮ ಮಾತ್ರ ಹೋಗುತ್ತಿರಲಿಲ್ಲ. ಕಂದಿದ ಹೂಗಳನ್ನು ಅವರು ಟ್ರಂಕಿನ ಸೀರೆಗಳ ನಡುವೆ ಹಾಕಿಡುತ್ತಿದ್ದರು. ನಾನು ಕಾಲೇಜು ಸೇರಿದ ವರ್ಷ ಅಮ್ಮ ತೀರಿಕೊಂಡರು. ಆಮೇಲೆ ಎಷ್ಟೋ ದಿನ ನಾನು ಟ್ರಂಕ್ ತೆರೆದು ಮುಖವಿಟ್ಟು ಕೂರುತ್ತಿದ್ದೆ. ಹೆಣ್ಣಾದರೆ ಚಂಪಕಾ. ಇಂಡಿಯಲ್ಲಿ ಸಂಪಿಗೆಯ ಮರ ಹುಡುಕಿದೆ. ಲಿಂಬೆಯ ತೋಟಗಳಿದ್ದವು, ಹೂ ಬಿಟ್ಟಾಗ ಗಾಳಿಯೆಲ್ಲ ಘಮಘಮ. ಸಂಪಿಗೆ ಮಾತ್ರ ಒಂದೂ ಸಿಗಲಿಲ್ಲ. ಈ ಊರಿನಲ್ಲಿ ಸಂಪಿಗೆ ಇರಬೇಕಾದರೆ ನಾನೇ ಹೆರಬೇಕು ಎಂದುಕೊಂಡೆ.

ಚೊಚ್ಚಲ ಹೆರಿಗೆ ತವರಿನಲ್ಲಾಗಬೇಕು. ನನ್ನ ತವರಿನಲ್ಲಿ ಇದ್ದದ್ದು ಅಣ್ಣ ಮತ್ತು ಓದುತ್ತಿದ್ದ ತಮ್ಮ. ಅಣ್ಣ ಎಂದರೆ ನನ್ನ ತಂದೆ. ನಮ್ಮ ಮನೆಯಲ್ಲಿ ಹಾಗೇ ಕರೆಯುತ್ತಿದ್ದೆವು. ಬಾಣಂತಿಯನ್ನು ನೋಡಿಕೊಳ್ಳಲು ಹೆಂಗಸರಿಲ್ಲ. ಅತ್ತೆಯವರೂ ನಮ್ಮ ಮದುವೆಗೆ ಮೊದಲೇ ಹೋಗಿಬಿಟ್ಟಿದ್ದರು. ಹಾಗಾಗಿ ನಮ್ಮವರ ಅಕ್ಕ ನೀಲಕ್ಕ, ಹೂವಿನ ಹಿಪ್ಪರಗಿಯಿಂದ ಬಸ್ಸಿನಲ್ಲಿ ಬಂದಿಳಿದರು. ಒಂದು ಕೈಯಲ್ಲಿ ಅಂಟಿನ ಉಂಡೆಯ ಡಬ್ಬಿ, ಇನ್ನೊಂದರಲ್ಲಿ ಕುಸುಬಿ ಎಣ್ಣೆಯ ಡಬ್ಬಿ. ಹಣೆಯಲ್ಲಿ ದೊಡ್ಡ ಕುಂಕುಮ, ದನಿ ಅದಕ್ಕಿಂತ ದೊಡ್ಡದು.

ಮೊದಲ ದಿನವೇ ನಾನು, ನನ್ನ ಕಾನ್ವೆಂಟ್ ಮ್ಯಾನರ್ಸಿನಲ್ಲಿ, ವಿಷಯವನ್ನು ಫ್ರ್ಯಾಂಕಾಗಿ ಮುಂದಿಟ್ಟೆ.

"ಅಕ್ಕಾ, ಹೆಣ್ಣಾದರೆ ಚಂಪಕಾ ಅಂತ ಡಿಸೈಡ್ ಮಾಡಿದೀನಿ."

ನೀಲಕ್ಕ ಬೆಳ್ಳುಳ್ಳಿ ಬಿಡಿಸುತ್ತಿದ್ದರು. ತಲೆಯೆತ್ತಲಿಲ್ಲ.

"ಹಡಿಯೂದು ನಿನ್ನ ಕೆಲಸ ತಂಗಿ. ಹೆಸರ ಇಡೂದು ನಂದು. ನಾ ಬಂದು ಹಡೀತೇನಿ ಅಂದ್ನೇನು?"

"ನನ್ನ ಮಗು ಅಲ್ವಾ ಅಕ್ಕಾ?"

"ಹೌದು. ನಮ್ಮವ್ವನ ಮೊಮ್ಮಗಳೂ ಹೌದು." ಬೆಳ್ಳುಳ್ಳಿಯ ಸಿಪ್ಪೆ ಊದಿ, "ನೋಡೂಣು," ಎಂದರು.

ಅತ್ತೆಯವರ ಹೆಸರು ಶಾವಂತ್ರೆವ್ವ. ಹೋದ ಹಿರಿಯರ ಹೆಸರು ಮನೆಯಲ್ಲಿ ಹುಟ್ಟುವ ಮೊದಲ ಮಗುವಿಗೆ ಬರಬೇಕು ಎಂಬುದು ಇಲ್ಲಿ ಯಾರೂ ಬಾಯಿಬಿಟ್ಟು ಹೇಳದ ಕಾನೂನು. ನನಗೆ ಆ ಹೆಸರು ಬೇಡವಾಗಿತ್ತು. ಅದರಲ್ಲಿ ಕುಸುಬಿಯ ಮುಳ್ಳಿತ್ತು, ರೊಟ್ಟಿ ಬಡಿಯುವ ಸದ್ದಿತ್ತು, ನಾನಿರಲಿಲ್ಲ. ನಮ್ಮವರ ಮುಂದೆ ಕಣ್ಣೀರಿಟ್ಟೆ. ಕೋರ್ಟಿನಲ್ಲಿ ಎಂಥ ಕೇಸನ್ನೂ ಬಿಡದವರು, ಕೈ ಎತ್ತಿಬಿಟ್ಟರು. "ಅದು ಅಕ್ಕನ ಹಕ್ಕು. ಅದ್ರಾಗ ನಾ ಬರಂಗಿಲ್ಲ." ಆ ಒಂದು "ನೋಡೂಣು" ಹಿಡಿದುಕೊಂಡೇ ನಾನು ದಿನ ತುಂಬಿಸಿದೆ.

ಹೆಣ್ಣೇ ಹುಟ್ಟಿತು. ಹೊಲದಲ್ಲಿ ಜೋಳ ಕೀಳುವ ಕಾಲ. ನೀಲಕ್ಕ ನನ್ನನ್ನು ನೋಡಿಕೊಂಡ ರೀತಿಯನ್ನು ಏನೆಂದು ಹೇಳಲಿ! ಬೈಯುತ್ತಲೇ ಎಣ್ಣೆ ತಿಕ್ಕುತ್ತಿದ್ದರು, ಬೈಯುತ್ತಲೇ ಬಿಸಿನೀರು ಹೊಯ್ಯುತ್ತಿದ್ದರು. ನಾನು ಅಮ್ಮನನ್ನು ನೆನೆದು ಅತ್ತರೆ, "ಅಳು, ಅಳು. ಎದಿಹಾಲ ಉಪ್ಪಾಗ್ತಾವ, ನಿನ್ನ ಮಗಳು ಉಪ್ಪಿನಕಾಯಿ ಬೇಡಂಗಿಲ್ಲ," ಎನ್ನುತ್ತಿದ್ದರು. ಅತ್ತವಳು ನಕ್ಕುಬಿಡುತ್ತಿದ್ದೆ. ಇಷ್ಟು ಮಾಡುವವರು ಒಂದು ಹೆಸರಿನ ಆಸೆಯನ್ನು ನಡೆಸಿಕೊಡದೆ ಇರುತ್ತಾರೆಯೇ ಎಂದು ಧೈರ್ಯ ಬಂತು.

ತೊಟ್ಟಿಲ ದಿನ ಓಣಿಯೆಲ್ಲ ನಮ್ಮ ಪಡಸಾಲೆಯಲ್ಲಿತ್ತು. ಹಾಡಾಯಿತು. ಮಗುವನ್ನು ತೊಟ್ಟಿಲ ಕೆಳಗಿಂದ ಮೇಲಿಂದ ಕೈಗೆ ಕೈ ದಾಟಿಸಿ ಮಲಗಿಸಿದರು. ನೀಲಕ್ಕ ಸೆರಗು ಬಿಗಿದು ಬಗ್ಗಿದರು. ನಾನು ಗೋಡೆಗೆ ಒರಗಿ ಕೂತಿದ್ದೆ, ಕಿವಿಯ ಹತ್ತಿ ತೆಗೆದು. ಕುರ್ರ್‌ರ್ ಎಂದರು. ಗುದ್ದುಗಳು ಬಿದ್ದವು. ಯಾರೋ ಕೂಗಿದರು, "ಜೋರ ಹೇಳ ನೀಲವ್ವ, ಬೆನ್ನಿಗಿ ಇನ್ನ ನಾಕ ಬೀಳಲಿ!" ನೀಲಕ್ಕ ತಲೆಯೆತ್ತಿ ಜೋರಾಗಿಯೇ ಹೇಳಿದರು.

"ಶಾವಂತ್ರೆವ್ವ!"

ಗುಗ್ಗರಿ ಹಂಚಿದರು. ನನ್ನ ಉಡಿಗೂ ಹಾಕಿದರು. ನಾನು ತಿನ್ನಲಿಲ್ಲ.

ಮರುದಿನ ಬೆಳಗ್ಗೆ ಮಗು ಒಂದೇ ಸಮನೆ ಅಳುತ್ತಿತ್ತು. ನನಗೆ ಸಿಟ್ಟು, ನಿದ್ದೆಯಿಲ್ಲ. ಕಾಶೀಬಾಯಿ ಮತ್ತು ಇನ್ನಿಬ್ಬರು ಹೆಂಗಸರು ಬಟ್ಟಲು ವಾಪಸ್ಸು ಕೊಡಲು ಬಂದು ಕೂತಿದ್ದರು. ಅವರಿಗೆ ಕೇಳಲಿ ಎಂದೇ ನಾನು ತೊಟ್ಟಿಲನ್ನು ಜಗ್ಗಿ ಹೇಳಿದೆ: "ಸಾಕು ಮಾಡೇ ಶಾವಂತ್ರೆವ್ವಾ! ಎಷ್ಟು ಗೋಳು ಹುಯ್ಕೋತೀಯಾ!"

ಒಬ್ಬಾಕೆ ಗಲ್ಲಗಲ್ಲ ಬಡಿದುಕೊಂಡಳು. "ಶಿವಶಿವಾ! ಅತ್ತಿ ಹೆಸರ ಹಿಡದು ಬೈದ್ರಲ್ರಿ!" ಕಾಶೀಬಾಯಿ ನಗು ತಡೆಯಲಾರದೆ ಬಾಯಿಗೆ ಸೆರಗು ಹಿಡಿದಿದ್ದರು. ಸೊಸೆಯಾದವಳು ಅತ್ತೆಯ ಹೆಸರನ್ನು ಬಾಯಲ್ಲಿ ಹೇಳುವಂತಿಲ್ಲ. ಅತ್ತೆ ಹೋಗಿ ಎಷ್ಟು ಕಾಲವಾಗಿದ್ದರೂ ಇಲ್ಲ. ನಮ್ಮಲ್ಲಿ ಗಂಡನ ಹೆಸರಿಗೆ ಆ ಸಂಕೋಚವಿತ್ತು; ಅದು ಅತ್ತೆಯ ಹೆಸರಿಗೂ, ಅಲ್ಲಿಂದ ತೊಟ್ಟಿಲಿಗೂ ಬಂದು ಕೂರುತ್ತದೆಂದು ನನಗೆ ಯಾವ ಸಿಸ್ಟರ್ ಹೇಳಿಕೊಟ್ಟಿದ್ದಳು?

ಬಚ್ಚಲಿನಿಂದ ನೀಲಕ್ಕ ಒದ್ದೆ ಕೈಯಲ್ಲೇ ಬಂದರು. ಬೈಯುತ್ತಾರೆಂದು ಕಾದೆ. ಅವರು ಮಗುವನ್ನು ಎತ್ತಿಕೊಂಡು, "ಅವ್ವಾ, ಸುಮ್ಮನಾಗವ್ವಾ. ನಿನ್ನ ಸೊಸಿಗಿ ತಿಳಿವಳಿಕಿ ಇಲ್ಲ," ಎಂದರು. ಹೆಂಗಸರು ಗೊಳ್ಳೆಂದರು. ನೀಲಕ್ಕ ನಗುತ್ತಿರಲಿಲ್ಲ. ಆ ಮಗುವಿನ ನೆತ್ತಿಗೆ ಮೂಗಿಟ್ಟು ನಿಂತಿದ್ದರು, ನಾನು ಟ್ರಂಕಿಗೆ ಮುಖವಿಟ್ಟು ಕೂರುತ್ತಿದ್ದ ಹಾಗೆ.

ಎಲ್ಲರೂ ಹೋದ ಮೇಲೆ ಕೇಳಿದೆ. "ಹಾಗಾದರೆ ನನ್ನ ಮಗಳನ್ನು ನಾನು ಏನಂತ ಕರೀಲಿ?"

"ನಿನಗ ಏನ ಬೇಕು ಅದನ್ನ ಕರಿ. ಇಟ್ಟ ಹೆಸರ ಬ್ಯಾರೆ, ಕರಿಯೂ ಹೆಸರ ಬ್ಯಾರೆ. ನಿನ್ನ ಸಂಪಿಗಿ ಕರಿ, ಯಾರು ಬ್ಯಾಡಂತಾರ?"

"ಮೊದಲೇ ಹೇಳಬಹುದಿತ್ತಲ್ಲ ಅಕ್ಕಾ!"

"ನೋಡೂಣು ಅಂದಿದ್ದೆನಲ್ಲ. ನೀ ನೋಡ್ಲಿಲ್ಲ."

ಆ ಮಧ್ಯಾಹ್ನ ನನ್ನ ಕಾಲಿಗೆ ಎಣ್ಣೆ ತಿಕ್ಕುತ್ತ ಅವರು ತಮ್ಮ ಅವ್ವನ ಹೆಸರು ಎಲ್ಲಿಂದ ಬಂತೆಂದು ಹೇಳಿದರು. ಅತ್ತೆಯವರ ತವರೂ ಹೂವಿನ ಹಿಪ್ಪರಗಿಯೇ. ನೀಲಕ್ಕನನ್ನು ಅದೇ ಮನೆಗೆ, ಸೋದರಮಾವನ ಮಗನಿಗೇ ಕೊಟ್ಟಿದ್ದರು. ಹಿಂದೆ ಆ ಮನೆಯಲ್ಲಿ ಹುಟ್ಟಿದ ಕೂಸುಗಳು ಉಳಿಯುತ್ತಿರಲಿಲ್ಲವಂತೆ. ಮತ್ತೆ ಬಸುರಾದಾಗ ನೀಲಕ್ಕನ ಅಜ್ಜಿ ಗುಡಿಗೆ ಹೋಗಿ ಪ್ರಸಾದ ಕೇಳಿದಳಂತೆ. ಪ್ರಸಾದ ಕೇಳುವುದೆಂದರೆ ದೇವರ ಮೈಗೆ ಹೂ ಅಂಟಿಸಿ ಕಾಯುವುದು. ಬಲಕ್ಕೆ ಬಿದ್ದರೆ ಆಗುತ್ತದೆ, ಎಡಕ್ಕೆ ಬಿದ್ದರೆ ಇಲ್ಲ.

"ಗುಲಾಬಿ ಹಚ್ಚಿದ್ರು, ಬೀಳ್ಲಿಲ್ಲ. ಮಲ್ಲಿಗಿ ಹಚ್ಚಿದ್ರು, ಬೀಳ್ಲಿಲ್ಲ. ಎಡಕ್ಕೂ ಇಲ್ಲ, ಬಲಕ್ಕೂ ಇಲ್ಲ. ನಮ್ಮಜ್ಜಿ ತುರುಬಿನಾಗ ಹಿಂದಿನ ದಿನದ ಒಂದು ಶಾವಂತಿಗಿ ಇತ್ತಂತ. ಮುಡದದ್ದು ದೇವರಿಗಿ ಹಚ್ಚಬಾರದು. ಆಕಿ ಅಂದ್ಲಂತ, ನನ್ನ ಹತ್ರ ಇನ್ನ ಇರೂದು ಇದೊಂದ, ತಗೋಳೋದಿದ್ರ ತಗೋ. ಪೂಜಾರಿ ಕಣ್ಣ ಮುಚ್ಚಿ ಹಚ್ಚಿದ. ಹಚ್ಚಿದ್ದs ತಡ, ಬಲಕ್ಕ ಬಿತ್ತು. ಕೂಸು ಉಳೀತು, ಆ ಹೂವಿನ ಹೆಸರs ಇಟ್ರು."

ಶಾವಂತಿಗಿ ಎಂದರೆ ನಮ್ಮ ಸೇವಂತಿಗೆ. ನಾವು ಪೂಜೆಗೆ ಕೊಂಡು ಮರೆತುಬಿಡುವ ಹೂ. ನಾನು ಅದರ ಬಗ್ಗೆ ಯೋಚಿಸಿಯೇ ಇರಲಿಲ್ಲ.

"ಕಿತ್ತ ಮ್ಯಾಲೂ ವಾರಗಟ್ಲೆ ಬಾಡಂಗಿಲ್ಲ ನೋಡು ಅದು," ಎಂದರು ನೀಲಕ್ಕ. "ನಮ್ಮವ್ವ ಹಂಗs ಇದ್ಲು. ನಿನ್ನ ಸಂಪಿಗಿದೂ ಏನರ ಕತಿ ಐತಿಲ್ಲ, ಹೇಳು."

ನಾನು ಟ್ರಂಕಿನ ಕಥೆ ಹೇಳಿದೆ. ಅವರ ಕೈ ನನ್ನ ಕಾಲಿನ ಮೇಲೆ ನಿಂತಿತು. "ಹಂಗಾದ್ರ ನೀನೂ ನಿಮ್ಮವ್ವನ್ನ ಬೇಡಾಕತ್ತೀದಿ," ಎಂದರು. "ನನಗ ಹೇಳಬೇಕಿಲ್ಲೇನು? ನಾ ತಿಳಕೊಂಡೆ, ಬರೇ ಫ್ಯಾಷನ್ ಮಾಡ್ತಿ ಅಂತ."

ಹೀಗೆ ಮಗಳು ಬೆಳೆದಳು. ಓಣಿಗೆಲ್ಲ ಶಾವಂತ್ರೆವ್ವ, ಹಿಪ್ಪರಗಿಯಿಂದ ಬಂದ ನೀಲಕ್ಕನಿಗೆ ಅವ್ವ, ನನಗೆ ಚಂಪಾ. ನಾನು ಕರೆಯುವುದನ್ನು ಕೇಳಿ ಕೇಳಿ ಹೆಂಗಸರು ನನ್ನನ್ನು ಚಂಪಾನ ಅವ್ವ ಎನ್ನತೊಡಗಿದರು, ಆದರೆ ಮಗುವನ್ನು ಮಾತ್ರ ಯಾರೂ ಚಂಪಾ ಎನ್ನಲಿಲ್ಲ. ಅವಳ ನಾಲಿಗೆ ಪೂರ್ತಿ ಇಂಡಿಯದು. ನಾನು "ಬಾ ಚಂಪಾ, ಮಮ್ಮು ತಿನ್ನು" ಎಂದರೆ, "ಒಲ್ಲೆ, ರೊಟ್ಟಿ ಕೊಡು" ಎನ್ನುತ್ತಿದ್ದಳು.

ಶಾಲೆಯ ವಯಸ್ಸು ಬಂದಾಗ ನಾನು ಹಟ ಹಿಡಿದೆ. ನಾನು ಓದಿದ ಕಾನ್ವೆಂಟಿನಲ್ಲೇ ಓದಬೇಕು. ಅಷ್ಟರಲ್ಲಿ ಅಣ್ಣನ ತಂಗಿ, ನನ್ನ ಸೋದರತ್ತೆ, ಮೈಸೂರಿನ ಮನೆ ನೋಡಿಕೊಳ್ಳಲು ಬಂದಿದ್ದರು. ಮಗುವನ್ನು ಇಟ್ಟುಕೊಳ್ಳುತ್ತೇವೆ ಎಂದು ಬರೆದಿದ್ದರು. ನಮ್ಮವರು ಒಪ್ಪಿದರು. ನೀಲಕ್ಕ ಒಪ್ಪಲಿಲ್ಲ. "ಇಲ್ಲಿ ಸಾಲಿ ಇಲ್ಲೇನು? ನಿಮ್ಮೂರಾಗ ಆಕಿಗಿ ಯಾರು ಗುರತು? ಹೆಸರೂ ಬದಲಿ ಮಾಡ್ತೀರಿ, ನನಗ ಗೊತ್ತೈತಿ." ಕೊನೆಯ ಮಾತನ್ನು ಹೇಳುವಾಗ ಅವರು ನನ್ನ ಮುಖ ನೋಡಲಿಲ್ಲ. ನನ್ನ ಮನಸ್ಸಿನಲ್ಲಿ ಇದ್ದದ್ದೂ ಅದೇ.

ಮೈಸೂರಿನ ಕಾನ್ವೆಂಟಿನಲ್ಲಿ ಹೆಡ್‌ಮಿಸ್ಟ್ರೆಸ್ ಸಿಸ್ಟರ್ ನನ್ನನ್ನು ಗುರುತು ಹಿಡಿದರು. ಮೇಜಿನ ಆಚೆ ಬಗ್ಗಿ ಮಗಳನ್ನು ಇಂಗ್ಲಿಷಿನಲ್ಲಿ ಹೆಸರು ಕೇಳಿದರು. ಅದೇ ಪ್ರಶ್ನೆಯನ್ನು ನಾನು ಕನ್ನಡದಲ್ಲಿ ಹೇಳಿದೆ. ಅವಳು ನೆಟ್ಟಗೆ ನಿಂತು, ಇಂಡಿಯ ದನಿಯಲ್ಲಿ, ವರಾಂಡಕ್ಕೆಲ್ಲ ಕೇಳುವಂತೆ ಹೇಳಿದಳು:

"ನಮ್ಮವ್ವ ಚಂಪಾ ಅಂತಾಳ್ರಿ. ನಮ್ಮತ್ತಿ ಅವ್ವಾ ಅಂತಾಳ್ರಿ. ಎಲ್ಲಾರೂ ಶಾವಂತ್ರೆವ್ವ ಅಂತಾರ್ರಿ."

ಸಿಸ್ಟರ್ ಗಾಬರಿಯಾಗಿ ನನ್ನತ್ತ ನೋಡಿದರು. ಅತ್ತೆ ಈ ಮಗುವನ್ನು ಮದರ್ ಎನ್ನುತ್ತಾಳೆಯೇ ಎಂದು ಕೇಳಿದರು. ಹೌದು ಸಿಸ್ಟರ್, ಎಂದೆ. ಅವರು ಪೆನ್ನು ಹಿಡಿದು, ಯಾವುದನ್ನು ಬರೆಯಲಿ, ಮೈ ಡಿಯರ್, ಎಂದರು.

ಅಲ್ಲಿ ನೀಲಕ್ಕನಿರಲಿಲ್ಲ, ಓಣಿಯಿರಲಿಲ್ಲ. ಚಂಪಕಾ ಎಂದರೆ ಮುಗಿಯಿತು. ಇಷ್ಟು ವರ್ಷ ಕಾದ ಮಾತು. ಬಾಯಿ ತೆರೆದೆ. ಆಗ ಅನ್ನಿಸಿತು: ಒಮ್ಮೆ ಬರೆಸಿದರೆ ನಾಳೆಯಿಂದ ಆ ಹೆಸರನ್ನು ಟೀಚರ್ ಕರೆಯುತ್ತಾಳೆ, ಬೆಂಚಿನ ಹುಡುಗಿಯರು ಕರೆಯುತ್ತಾರೆ. ಅದು ಈವರೆಗೆ ನನ್ನೊಬ್ಬಳ ಬಾಯಲ್ಲಿತ್ತು. ಇನ್ನೊಂದು ಹೆಸರನ್ನೋ, ಈ ಊರಿನಲ್ಲಿ ಕರೆಯುವವರು ಒಬ್ಬರೂ ಇಲ್ಲ. ಇಲ್ಲಿ ಬರೆಯದಿದ್ದರೆ ಅದು ಇಲ್ಲಿಗೇ ನಿಂತುಹೋಗುತ್ತದೆ. ನೀಲಕ್ಕ ಎರಡನೆಯ ಸಲ ಅವ್ವನನ್ನು ಕಳೆದುಕೊಳ್ಳುತ್ತಾರೆ. ಒಂದು ಸಲ ಕಳೆದುಕೊಳ್ಳುವುದೇ ಎಷ್ಟೆಂದು ನನಗೆ ಗೊತ್ತಿತ್ತು.

"ಅವಳು ಕೊನೆಗೆ ಹೇಳಿದ್ದು, ಸಿಸ್ಟರ್."

"ನೀನೇ ಸರಿಯಾಗಿ ಹೇಳಮ್ಮ, ನನಗೆ ಗೊತ್ತಾಗಲಿಲ್ಲ."

"ನಾನು ಹೇಳೋ ಹಾಗಿಲ್ಲ ಸಿಸ್ಟರ್. ಅದು ನಮ್ಮ ಅತ್ತೆಯವರ ಹೆಸರು."

ಮಗಳೇ ಇನ್ನೊಮ್ಮೆ, ನಿಧಾನವಾಗಿ, ಹೇಳಿದಳು.

ಅವಳನ್ನು ಬಿಟ್ಟು ಒಬ್ಬಳೇ ಬಂದೆ. ಇಂಡಿ ರೋಡ್ ಸ್ಟೇಷನ್ನಿಗೆ ನಮ್ಮವರ ಜೊತೆ ನೀಲಕ್ಕನೂ ಬಂದಿದ್ದರು. ಹೇಗಿದ್ದೀ ಎನ್ನಲಿಲ್ಲ, ಚಹಾ ಕುಡಿದೆಯಾ ಎನ್ನಲಿಲ್ಲ.

"ಏನಂತ ಹೆಸರ ಬರಸಿದಿ?"

"ನಿಮ್ಮವ್ವನ ಹೆಸರು," ಎಂದೆ.

ಅವರು ಪ್ಲಾಟ್‌ಫಾರ್ಮಿನ ಕಲ್ಲಿನ ಮೇಲೆ ಕೂತುಬಿಟ್ಟರು. ಬಹಳ ಹೊತ್ತು ಸೆರಗಿನಿಂದ ಮುಖ ಒರೆಸಿಕೊಂಡರು. ಆಮೇಲೆ ತಮ್ಮನನ್ನು ನೋಡಿ, "ಕೇಳಿದೇನೋ?" ಎಂದರು. "ಬಿಜಾಪುರ ಸೈತ ನೋಡಲಿಲ್ಲ ನಮ್ಮವ್ವ. ಈಗ ಮೈಸೂರಾಗ ಕುಂತು ಇಂಗ್ಲೀಷ್ ಕಲಿಯಾಕತ್ತಾಳ!"

ಕಾನ್ವೆಂಟಿನ ಹುಡುಗಿಯರು ಮೊದಮೊದಲು ಆ ಹೆಸರಿಗೆ ನಕ್ಕರಂತೆ. "ನಮ್ಮಜ್ಜಿ ಹೆಸರೈತಿ, ನಿಮಗೇನಾತು?" ಎಂದಳಂತೆ ನನ್ನ ಮಗಳು. ಆಮೇಲೆ ಅವಳ ಮಾತು ಮೈಸೂರಿನದಾಯಿತು, ಓದು ಅಲ್ಲೇ ಮುಗಿಯಿತು, ಮನೆಯೂ ಅಲ್ಲೇ ಆಯಿತು. ನಾನು ಇಂಡಿಯಲ್ಲೇ ಉಳಿದೆ. ನನ್ನ ರೊಟ್ಟಿ ಈಗ ಸೀಳುವುದಿಲ್ಲ.

ವರ್ಷಕ್ಕೊಮ್ಮೆ ಹುಟ್ಟಿದೂರಿಗೆ ಹೋಗುತ್ತೇನೆ. ನಮ್ಮ ಬೀದಿಯಲ್ಲಿ ನನ್ನನ್ನು ಲಲಿತಾ ಎಂದು ಬಲ್ಲ ನೆರೆಯವರು ಯಾರೂ ಉಳಿದಿಲ್ಲ. ತರಕಾರಿಯವಳಿಂದ ಹಿಡಿದು ಎಲ್ಲರೂ "ಶಾವಂತ್ರೆವ್ವನ ತಾಯಿ ಬಂದಿದ್ದಾರೆ" ಎನ್ನುತ್ತಾರೆ, ಆ ಹೆಸರು ಅಲ್ಲಿಯದೇ ಎಂಬಂತೆ. ಇಂಡಿಗೆ ಮರಳಿದರೆ ಬಸ್ ಸ್ಟ್ಯಾಂಡಿನಲ್ಲೇ ಯಾರಾದರೂ ಕೂಗುತ್ತಾರೆ: "ಚಂಪಾನ ಅವ್ವ ಬಂದ್ರು ನೋಡ್ರಿ!" ಎರಡು ಕಡೆಯೂ ನಾನು ಓಗೊಡುತ್ತೇನೆ. ಓಗೊಟ್ಟ ಮೇಲೆ ಒಂದು ಕ್ಷಣ ಸುಮ್ಮನೆ ನಿಲ್ಲುತ್ತೇನೆ. ಆ ಕ್ಷಣದಲ್ಲಿ ನಾನು ಇರುವುದು, ಯಾವಾಗಲೂ, ಇನ್ನೊಂದು ಊರಿನಲ್ಲಿ.